ಎಂಟನೇ ನಂಬರಿನ ಬಾಗಿಲು

ಬೆಳಗಿನಿಂದ ಆಫೀಸಿನಲ್ಲಿ ಒಂದು ವೆಬ್‌ಸೈಟೂ ತೆರೆದಿರಲಿಲ್ಲ. ಹೊರಗೆ ಅರ್ಜಿ ಹಿಡಿದ ಜನ ಗೊಣಗುತ್ತಿದ್ದರು. ಒಳಗೆ ಶಾಂತವೀರ ಸಾಹೇಬರು ಮೈಮೇಲೆ ದೇವರು ಬಂದವರಂತೆ ಕುಣಿಯುತ್ತಿದ್ದರು.

“ಏನ್ರೀ ನಾಗವೇಣಿ, ಹನ್ನೊಂದಕ್ಕೆ ಮೇಲಿನವರ ಮೀಟಿಂಗ್ ಇದೆ. ಅಷ್ಟರಲ್ಲಿ ಸರ್ವರ್ ಸರಿಹೋಗಬೇಕು!”

ಕಾರಣ ಆಪರೇಟರ್ ನಾಗವೇಣಿಗೆ ಗೊತ್ತಿತ್ತು. ಯಾವ ವೆಬ್‌ಸೈಟಿನ ಹೆಸರು ಕೊಟ್ಟರೂ ಸರ್ವರ್ ಅದರ ವಿಳಾಸವನ್ನು ಇನ್ನೊಂದು ಯಂತ್ರದ ಹತ್ತಿರ ಕೇಳುತ್ತದೆ. ಆ ಯಂತ್ರದ ನಂಬರು ಎಂಟರಲ್ಲಿ ಮುಗಿಯುತ್ತಿತ್ತು. ಎಂಟು ಶನಿಯ ಸಂಖ್ಯೆ ಎಂದು ನಿನ್ನೆ ಸಾಹೇಬರೇ ಎದುರಿಗೆ ನಿಂತು ಸರ್ವರಿನಲ್ಲಿ ಅದನ್ನು ಒಂಬತ್ತು ಮಾಡಿಸಿದ್ದರು.

“ಮತ್ತೆ ಎಂಟು ಹಾಕ್ಲಾ ಸಾರ್?”

“ನಾನಿರೋ ತನಕ ಇಲ್ಲಿ ಎಂಟು ಬೇಡ!”

“ನಿಮ್ಮ ಬಾಗಿಲ ಮೇಲೂ ಎಂಟೇ ಇದೆಯಲ್ಲ ಸಾರ್.”

ಸಾಹೇಬರು ಬೆಚ್ಚಿದರು. “ಕಿತ್ತು ಪಕ್ಕದ ರೆಕಾರ್ಡ್ ರೂಮಿಗೆ ಹಾಕ್ರೀ!”

ನಾಗವೇಣಿ ಆ ನಂಬರಿನ ಫಲಕವನ್ನು ಕಿತ್ತು ರೆಕಾರ್ಡ್ ರೂಮಿನ ಬಾಗಿಲಿಗೆ ಹಾಕಿದಳು. ಅವತ್ತು ಸಾಹೇಬರಿಗೆ ಸನ್ಮಾನ ಮಾಡಲು ವರ್ತಕರ ಸಂಘದವರು ಬರುವವರಿದ್ದರು. ಸಾಹೇಬರ ಮುಖ ಕಂಡವರಲ್ಲ. ಎಂಟನೇ ನಂಬರಿನ ರೂಮು ಎಂದಷ್ಟೇ ಗೊತ್ತು. ಬಂದವರು ನೇರ ರೆಕಾರ್ಡ್ ರೂಮಿಗೆ ನುಗ್ಗಿ, ಧೂಳಿನ ನಡುವೆ ಕೂತಿದ್ದ ಅಟೆಂಡರ್ ತಿಪ್ಪೇಶಣ್ಣನಿಗೆ ಹಾರ ಹಾಕಿ, ಶಾಲು ಹೊದಿಸಿ, ಭಾಷಣವನ್ನೂ ಶುರುಮಾಡಿಬಿಟ್ಟರು.

ಗೋಡೆಯಾಚೆಯಿಂದ ಚಪ್ಪಾಳೆ ಕೇಳಿ ಸಾಹೇಬರು ಓಡಿಬಂದರು. “ಅಯ್ಯೋ, ಅದು ನನ್ನ ಹಾರ!”

“ಸರ್ವರ್‌ಗೂ ಇದೇ ಆಗಿರೋದು ಸಾರ್,” ಎಂದಳು ಹಿಂದೆಯೇ ಬಂದ ನಾಗವೇಣಿ. “ಒಂದು ನಂಬರ್ ಬದಲಾಯ್ತು, ಪಾಪ, ಬೇರೆಯವರ ಬಾಗಿಲು ತಟ್ತಾ ಇದೆ.”

ಸಾಹೇಬರು ಗಡಿಯಾರ ನೋಡಿದರು. ಹತ್ತೂ ಮುಕ್ಕಾಲು. ತಿಪ್ಪೇಶಣ್ಣನ ಕೊರಳನ್ನೂ ನೋಡಿದರು.

“ಎಂಟು ಹಾಕ್ರೀ,” ಎಂದರು. ಅವಳು ಸರ್ವರ್ ಇದ್ದ ಕಡೆ ಹೊರಟಳು.

“ಅಲ್ಲಿಗಲ್ಲರೀ, ಮೊದಲು ನನ್ನ ಬಾಗಿಲಿಗೆ!”