ಮದ್ದಿನ ಮನೆಯ ಬೆಂಕಿ, ದಳವಾಯಿಯ ಗುಟ್ಟು

"ನನ್ನ ದಂಡಿನಲ್ಲಿ ಗುಟ್ಟಲ್ಲದ ಮಾತೇ ಇಲ್ಲ, ಪ್ರಭು! ಫಿರಂಗಿ ಎಲ್ಲಿದೆ ಅನ್ನೋದೂ ಗುಟ್ಟು, ಕುದುರೆಗೆ ಎಷ್ಟು ಹುರುಳಿ ಬೇಯಿಸ್ತೀವಿ ಅನ್ನೋದೂ ಗುಟ್ಟು. ಎಲ್ಲಾ ಒಂದೇ ತೂಕ!"

ಕಲ್ಲುಮೊರಡಿ ಕೋಟೆಯ ದಳವಾಯಿ ಮುರಾರಪ್ಪ ಎದೆ ಸೆಟೆಸಿ ಹೇಳಿದ. ಪಾಳೇಗಾರ ಬಿಲ್ಲಪ್ಪ ನಾಯಕ ತಲೆದೂಗಿದ. ಎದುರಿಗೆ ಕಾವಲುಗಾರ ಬೊಮ್ಮ ತಲೆತಗ್ಗಿಸಿ ಕೈಕಟ್ಟಿ ನಿಂತಿದ್ದ.

ಅವನು ಮಾಡಿದ ತಪ್ಪಾದರೂ ಏನು? ಹಿಂದಿನ ದಿನ, ಫಿರಂಗಿಯ ಸಿಡಿಮದ್ದು ತುಂಬಿಟ್ಟಿದ್ದ ಮದ್ದಿನ ಮನೆಯ ಸೂರಿಗೆ ಕಿಡಿ ಹಾರಿತ್ತು. "ಮದ್ದಿನ ಮನೆಗೆ ಬೆಂಕಿ! ನೀರು ತನ್ನಿ!" ಎಂದು ಬೊಮ್ಮ ಬೀದಿಬೀದಿ ಕೂಗುತ್ತ ಓಡಿದ. ಜನ ಕೊಡ ಹೊತ್ತು ಬಂದರು, ಬೆಂಕಿ ಆರಿತು, ಕೋಟೆ ಉಳಿಯಿತು. ಬಹುಮಾನದ ಮಾತು ಹಾಗಿರಲಿ, ದಂಡಿನ ಗುಟ್ಟು ರಟ್ಟು ಮಾಡಿದನೆಂದು ಅವನನ್ನು ಕೋಟೆಯಿಂದಲೇ ಓಡಿಸಬೇಕಂತೆ! ಪಾಪ, ಮನೆಯಲ್ಲಿ ತುಂಬು ಬಸುರಿ ಹೆಂಡತಿ.

ಆಸ್ಥಾನದ ವಿದೂಷಕ ಲಕ್ಕರಸ ಮುಂದೆ ಬಂದ. "ಪ್ರಭು, ಇದು ಅನ್ಯಾಯ" ಎಂದ.

"ಹೌದೇ? ನನ್ನ ಬಾಯಲ್ಲಿರೋ ಎಲೆಅಡಿಕೆ ಮುಗಿಯೋದರೊಳಗೆ, ಬೆಂಕಿ ಬಿದ್ದದ್ದನ್ನ ಕೂಗಬಹುದು ಅಂತ ದಳವಾಯಿಗಳ ಬಾಯಲ್ಲೇ ಹೇಳಿಸು. ಇಲ್ಲದಿದ್ದರೆ ಬೊಮ್ಮ ಹೊರಗೆ" ಎಂದು ನಾಯಕ ಅಗಿಯತೊಡಗಿದ.

ಲಕ್ಕರಸ ದಳವಾಯಿಯತ್ತ ತಿರುಗಿದ. "ಎಲ್ಲಾ ಒಂದೇ ತೂಕ ಅಂದಿರಿ. ಖಂಡಿತ ತಾನೆ?"

"ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ!"

"ಬೆಳಿಗ್ಗೆ ಡೇರೆಯ ಪರದೆ ಇಳಿಬಿಟ್ಟು ಮೀಸೆಗೆ ಏನೋ ಬಳಿದುಕೊಳ್ತೀರಲ್ಲ, ಅದೂ ದಂಡಿನ ಗುಟ್ಟೇ?"

ಯಾರೋ ಕಿಸಕ್ಕೆಂದರು. ದಳವಾಯಿಯ ಮುಖ ಬಿಳಿಚಿಕೊಂಡಿತು. ಮೀಸೆ ಮಾತ್ರ ಕಡುಕಪ್ಪಾಗಿಯೇ ಇತ್ತು. "ಅ... ಅದೂ ಗುಟ್ಟೇ. ಬಾಯಿ ಮುಚ್ಚು!"

"ಸರಿ. ಬೊಮ್ಮ ಹೇಗೂ ಕೋಟೆ ಬಿಡ್ತಾನೆ. ಹೋಗ್ತಾ ಪೇಟೆಯಲ್ಲಿ ಇನ್ನೊಂದೇ ಒಂದು ಗುಟ್ಟು ಕೂಗಿಬಿಡಲಿ. ತೂಕ ಒಂದೇ ಅಂದಮೇಲೆ ಯಾವುದಾದರೇನು? ನೀವೇ ಆರಿಸಿ. ಬೆಂಕಿಯೋ, ಮೀಸೆಯೋ?"

ನಾಯಕನಿಗೆ ಮಜಾ ಹತ್ತಿತು. ಎಲೆ ತುಂಬಿದ ಬಾಯಲ್ಲೇ "ಆಗಲಿ, ಕೂಗಲಿ" ಎಂದ.

"ಬೆಂಕಿ! ಬೆಂಕಿಯನ್ನೇ ಕೂಗಲಿ! ಎಷ್ಟು ಬೇಕಾದರೂ ಕೂಗಲಿ!" ದಳವಾಯಿ ಚೀರಿದ.

"ಕೇಳಿದಿರಾ ಪ್ರಭು?" ಎಂದ ಲಕ್ಕರಸ. "ಬೆಂಕಿ ಸುದ್ದಿ ಬಲು ಮುಖ್ಯ, ಆದರೆ ಮುಚ್ಚಿಟ್ಟರೆ ನಾವೇ ಸುಟ್ಟುಹೋಗ್ತೀವಿ. ಮೀಸೆ ಸುದ್ದಿ ಭಾರಿ ಗುಟ್ಟು, ಆದರೆ ಬಯಲಾದರೆ ಕೋಟೆ ಬೀಳೋದಿಲ್ಲ. ಯಾವ ಸುದ್ದಿ ಬಂದರೂ ಮುಖ್ಯವೋ ಅಂತ ಒಂದು ಸಲ ಕೇಳಬೇಕು, ಗುಟ್ಟೋ ಅಂತ ಇನ್ನೊಂದು ಸಲ."

ನಾಯಕ ನಕ್ಕ ರಭಸಕ್ಕೆ ಎಲೆಯೆಲ್ಲ ಹೊರಬಂತು. ತನ್ನ ಕೈಯ ಬೆಳ್ಳಿ ಕಡಗವನ್ನೇ ಬಿಚ್ಚಿ ಬೊಮ್ಮನಿಗೆ ತೊಡಿಸಿ, "ಮನೆಗೆ ಹೋಗಪ್ಪ, ಹೆಂಡತಿ ಕಾಯ್ತಿರ್ತಾಳೆ" ಎಂದ. ಆಮೇಲೆ ಲಕ್ಕರಸನತ್ತ ಬಾಗಿದ. "ಅದಿರಲಿ, ಮೀಸೆಗೆ ಬಳಿಯೋದು ಏನು?"

"ಕ್ಷಮಿಸಬೇಕು ಪ್ರಭು, ಅದು ಗುಟ್ಟು. ಈ ಸಭೆ ಮುಗಿಯೋವರೆಗಾದರೂ ಊರಿಗೆ ಗೊತ್ತಾಗಬಾರದು."