ಬಳೆ ತೆಗೆಸಿ ಆಡಿಸಿದ ಆಟ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಆರು ವರ್ಷದಲ್ಲಿ ನನಗೆ ಬಾರದ ವಿದ್ಯೆ ಹೊಸದಾಗಿ ಬಂದ ಆ ಹುಡುಗಿಗೆ ಆರೇ ತಿಂಗಳಲ್ಲಿ ಬಂದಿದೆ. ಇದರಲ್ಲಿ ಏನೋ ಇದೆ ಎಂದು ನನ್ನ ಅನುಮಾನ. ಹದಿನೈದು ದಿನದಿಂದ ಅವಳ ಮೇಲೆ ಕಣ್ಣಿಟ್ಟಿದ್ದೇನೆ. ಅನುಮಾನ ಪಡುವವನು ಮೋಸ ಹೋಗುವುದಿಲ್ಲ, ಅಲ್ಲವೇ ಗುರುಗಳೇ?”

ಗುರುಗಳು ಹೇಳಿದರು:

ಒಬ್ಬ ಯುವತಿ ಇದ್ದಳು. ಪೋಕರ್ ಎಂಬ ಇಸ್ಪೀಟಾಟ ಆಡುವುದೇ ಅವಳ ವೃತ್ತಿ. ಆ ಆಟ ನನಗೆ ಹೇಗೆ ಗೊತ್ತು ಎಂದು ಮಾತ್ರ ಕೇಳಬೇಡ. ಅದರಲ್ಲಿ ದೊಡ್ಡ ಎಲೆ ಇದ್ದವರೇ ಗೆಲ್ಲಬೇಕೆಂದಿಲ್ಲ. ಎದುರಾಳಿ ಹೆದರಿ ತನ್ನ ಎಲೆ ಕವುಚಿಟ್ಟು ಆ ಸುತ್ತು ಬಿಟ್ಟುಕೊಟ್ಟರೆ, ಕೈಯಲ್ಲಿ ಏನೂ ಇಲ್ಲದವರೂ ಗೆಲ್ಲುತ್ತಾರೆ. ಅವಳು ಸಣ್ಣ ಊರುಗಳಲ್ಲಿ ಗೆದ್ದಳು, ಆಮೇಲೆ ನಗರಗಳಲ್ಲಿ ಗೆದ್ದಳು. ನಾಲ್ಕನೇ ವರ್ಷಕ್ಕೆ ದೊಡ್ಡ ಪಂದ್ಯದ ಕೊನೆಯ ಮೇಜಿಗೆ ಬಂದು ಕೂತಳು.

ಎದುರಿಗಿದ್ದವನು ಒಬ್ಬ ವ್ಯಾಪಾರಿ. ಆರು ವರ್ಷದಿಂದ ಆ ಪಂದ್ಯದ ಬಿರುದು ಅವನದೇ. ಅಂಗಡಿಗಿಂತ ಅದರ ಮೇಲೆಯೇ ಅವನಿಗೆ ಹೆಚ್ಚು ಪ್ರಾಣ. ಇಷ್ಟು ಚಿಕ್ಕವಳು ಮೋಸ ಮಾಡದೆ ಆಡಿ ಇಲ್ಲಿಯವರೆಗೆ ಬರುವುದು ಸಾಧ್ಯವೇ ಇಲ್ಲ ಎಂದು ಅವನು ತೀರ್ಮಾನಿಸಿದ್ದ.

ಬಳೆಯ ಹೊಳಪಿನಲ್ಲಿ ಎಲೆ ಕಾಣುತ್ತದೆ ಎಂದು ಹೇಳಿ ಅವಳ ಬಳೆ ತೆಗೆಸಿದ. ತುರುಬು ಬಿಚ್ಚಿಸಿದ. ಕುರ್ಚಿ ಬದಲಿಸಿದ. ಇಸ್ಪೀಟಿನ ಹೊಸ ಕಟ್ಟು ತರಿಸಿದ. ಅವಳು ಮರುಮಾತಾಡದೆ ಹೇಳಿದಂತೆ ಮಾಡಿದಳು. ಏನೂ ಸಿಗಲಿಲ್ಲ. ಏನೂ ಸಿಗದೆ ಹೋದದ್ದರಿಂದ ಅವನ ಅನುಮಾನ ಇನ್ನೂ ಗಟ್ಟಿಯಾಯಿತು. ಅನುಮಾನದ ಹಣೆಬರಹವೇ ಅಷ್ಟು.

ಕೊನೆಗೆ ಒಂದು ಸುತ್ತಿನಲ್ಲಿ ಅವನಿಗೆ ಮೂರು ರಾಜರು ಬಂದರು; ಅದನ್ನು ಮೀರಿಸುವ ಎಲೆ ಬರುವುದೇ ಅಪರೂಪ. ಹಣದ ಬದಲು ಇಡುವ ತನ್ನ ಬಿಲ್ಲೆಗಳಲ್ಲಿ ಮುಕ್ಕಾಲು ಪಾಲು ಪಣಕ್ಕಿಟ್ಟ. ಆಗ ಅವಳು ತನ್ನಲ್ಲಿದ್ದ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದಳು.

ವ್ಯಾಪಾರಿ ಬೆವರಿದ. ‘ನನ್ನ ರಾಜರನ್ನು ಇವಳು ಹೇಗೋ ನೋಡಿದ್ದಾಳೆ. ನೋಡಿಯೂ ಎಲ್ಲವನ್ನೂ ಇಟ್ಟಿದ್ದಾಳೆ ಎಂದರೆ ಇವಳ ಕೈಯಲ್ಲಿ ಇನ್ನೂ ದೊಡ್ಡದಿದೆ’ ಎಂದುಕೊಂಡು ಮೂರು ರಾಜರನ್ನೂ ಕವುಚಿಟ್ಟ. ಪಣ ಅವಳ ಪಾಲಾಯಿತು. ಅವನಲ್ಲಿ ಉಳಿದಿದ್ದ ಬಿಲ್ಲೆಗಳು ಮುಂದಿನ ಎರಡು ಸುತ್ತಿನಲ್ಲಿ ಕರಗಿದವು. ಬಿರುದು ಹೋಯಿತು.

ಎದ್ದು ಹೋಗುವಾಗ ಅವನು ಕೇಳಿದ: “ಈಗಲಾದರೂ ಹೇಳಮ್ಮ. ನನ್ನ ಎಲೆ ನಿನಗೆ ಹೇಗೆ ಗೊತ್ತಾಯಿತು?”

“ನನಗೆ ಗೊತ್ತಿರಲಿಲ್ಲ ಸಾರ್. ನನ್ನ ಹತ್ರ ಒಂದು ಜೋಡಿ ಕೂಡ ಇರಲಿಲ್ಲ,” ಎಂದಳು ಅವಳು. “ನನಗೆ ಎಲ್ಲಾ ಕಾಣುತ್ತೆ ಅಂತ ನೀವು ನಂಬಿದ್ರಿ. ನನಗೆ ಕಂಡದ್ದು ಅದೊಂದೇ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ:

“ಆ ಒಂದು ಸುತ್ತು ಸರಿ, ಗುರುಗಳೇ. ಆದರೆ ಅದಕ್ಕೆ ಮೊದಲು ನಾಲ್ಕು ವರ್ಷ ಗೆದ್ದಳಲ್ಲ, ಅದರಲ್ಲಿ ಏನಾದರೂ ಇದ್ದೇ ಇರಬೇಕಲ್ಲವೇ?”

“ಆ ವ್ಯಾಪಾರಿಯೂ ಇವತ್ತಿನವರೆಗೆ ಅದನ್ನೇ ಹುಡುಕುತ್ತಿದ್ದಾನೆ; ಆಟಕ್ಕೆ ಮಾತ್ರ ಮತ್ತೆ ಕೂತಿಲ್ಲ,” ಎಂದರು ಗುರುಗಳು.