ಸೂರಕ್ಕಿ ಕಂಡ ಕನ್ನಡಿ

ಪರೀಕ್ಷಾ ಭವನದ ಮುಂದೆ ನಿಲ್ಲಿಸಿದ್ದ ಸ್ಕೂಟರಿನ ಕನ್ನಡಿಯಲ್ಲಿ ತನ್ನದೇ ರೂಪ ಕಂಡ ಗಂಡು ಸೂರಕ್ಕಿ ಬೆಳಗಿನಿಂದ ಅದನ್ನೇ ಕುಕ್ಕುತ್ತಿತ್ತು.

“ರೀ, ಮರಿಗಳು ಹಸಿದು ಕೂಗುತ್ತಿವೆ. ನನ್ನೊಬ್ಬಳಿಂದ ಆಗದು, ಬನ್ನಿ,” ಎಂದಿತು ಹೆಣ್ಣು ಸೂರಕ್ಕಿ.

“ಒಂದೇ ನಿಮಿಷ ಕಣೇ. ಇವನು ನನ್ನನ್ನೇ ನೋಡುತ್ತಿದ್ದಾನೆ. ಬಿಟ್ಟು ಬಂದರೆ ಏನಂದುಕೊಂಡಾನು?”

ಹೆಣ್ಣು ಸ್ಕೂಟರಿನ ಒಡತಿ ಶಾಲ್ಮಲಿಯ ಬಳಿ ಹೋಯಿತು. “ತಾಯಿ, ಆ ಕನ್ನಡಿಗೊಂದು ಬಟ್ಟೆ ಮುಚ್ಚಿ.”

“ಮುಚ್ಚೋಣ, ತಾಳು. ಮೊದಲು ಒಂದು ರೀಲ್ ಮಾಡ್ಕೋತೀನಿ,” ಎಂದು ಶಾಲ್ಮಲಿ ಮೊಬೈಲು ಹಿಡಿದಳು. ಒಳಗೆ ಅವಳ ಎಂ.ಎ. ಪರೀಕ್ಷೆಯ ಗಂಟೆ ಹೊಡೆಯಿತು. ಅವಳೂ ಕದಲಲಿಲ್ಲ, ಗಂಡು ಸೂರಕ್ಕಿಯೂ ಕದಲಲಿಲ್ಲ.

ಸಂಜೆ ಶಾಲ್ಮಲಿ ಅಲ್ಲೇ ಕೂತು, ರೀಲನ್ನು ಯಾರ್‍ಯಾರು ನೋಡಿದರೆಂದು ನೋಡುತ್ತಿದ್ದಳು. ಹೆಣ್ಣು ಮತ್ತೆ ಗಂಡಿನ ಬಳಿ ಬಂದು, “ಮರಿಗಳು ಈಗ ಕೂಗುತ್ತಿಲ್ಲ,” ಎಂದಿತು.

“ನೋಡಿದೆಯಾ, ಹೊಟ್ಟೆ ತುಂಬಿರಬೇಕು,” ಎಂದು ಗಂಡು ಕನ್ನಡಿಯತ್ತ ತಿರುಗಿತು.